ಹಕ್ಕಿ ಕೂಗುತ್ತಲೇ ಇತ್ತು, ಪದ ಸತ್ತಿತು

ಹಳೆಯ ಇಂಗ್ಲಿಷಿನ ಅನುಕರಣ ಪದಗಳು ಅಳಿದದ್ದು ಅವು ಹೆಸರಿಸುತ್ತಿದ್ದ ಸದ್ದುಗಳೇ ಬದುಕಿನಿಂದ ಮರೆಯಾದ್ದರಿಂದ ಎಂಬ ವಾದಕ್ಕೆ ಪುರಾವೆಯ ಬೆಂಬಲವಿಲ್ಲ. ಕೋಗಿಲೆಯ ಕುಲದ ಕುಕ್ಕೂ ಹಕ್ಕಿಯನ್ನೇ ನೋಡಿ. ಹಳೆಯ ಇಂಗ್ಲಿಷಿನಲ್ಲಿ ಅದರ ಹೆಸರು ‘ಯೆಆಕ್’. ಅದರ ಹಿಂದಿನ ಜರ್ಮಾನಿಕ್ ರೂಪ ‘ಗೌಕ್’ ಎಂಬಂತಿದ್ದು, ಹಕ್ಕಿಯ ಕೂಗಿಗೆ ಹತ್ತಿರವಾಗಿತ್ತು. ಇಂಗ್ಲಿಷಿನಲ್ಲಿ ಗಕಾರ ಯಕಾರವಾಯಿತು, ಸ್ವರ ಬದಲಾಯಿತು. ಪದ ತನ್ನ ಸದ್ದಿನಿಂದ ದೂರ ಸರಿಯಿತು. 13ನೇ ಶತಮಾನದ ಹೊತ್ತಿಗೆ ಫ್ರೆಂಚಿನಿಂದ ಬಂದ ‘ಕುಕ್ಕೂ’ ಬಳಕೆಗೆ ಬಂದು, ಕ್ರಮೇಣ ಹಳೆಯದನ್ನು ಹೊರದೂಡಿತು. ಇಷ್ಟೆಲ್ಲ ನಡೆಯುವಾಗ ಇಂಗ್ಲೆಂಡಿನ ಕಾಡುಗಳಲ್ಲಿ ಹಕ್ಕಿ ಒಂದು ವಸಂತವೂ ಮೌನವಾಗಿರಲಿಲ್ಲ. ನಗುವೂ ನಿಂತಿಲ್ಲ, ಆದರೂ ಹಕಾರಗಳಿಂದ ತುಂಬಿದ್ದ ‘ಹ್ಲ್ಯಾಹ್ಹನ್’ ಇಂದು ‘ಲಾಫ್’ ಆಗಿದೆ, ಅದರಲ್ಲಿ ನಗೆಯ ಸದ್ದೇ ಉಳಿದಿಲ್ಲ.

ಉಚ್ಚಾರಣೆ ಎಲ್ಲ ಪದಗಳನ್ನೂ ಸವೆಸುತ್ತದಲ್ಲ, ‘ಕುಕ್ಕೂ’ ಹೇಗೆ ಉಳಿಯಿತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನ ಮಹಾ ಸ್ವರಪಲ್ಲಟದ ನಿಯಮದಂತೆ ಅದರ ಕೊನೆಯ ‘ಊ’ ‘ಔ’ ಆಗಬೇಕಿತ್ತು, ಆಗಲಿಲ್ಲ. ಹಕ್ಕಿಯನ್ನು ಕೇಳುತ್ತಿದ್ದ ಜನ ಪದವನ್ನು ಮತ್ತೆ ಮತ್ತೆ ಕೂಗಿಗೆ ಹೊಂದಿಸಿಕೊಂಡರು. ಮರಿಹಕ್ಕಿಯ ದನಿಗಿದ್ದ ‘ಪೀಪೆನ್’ ಸ್ವರಪಲ್ಲಟದಲ್ಲಿ ‘ಪೈಪ್’ ಆದರೂ ‘ಪೀಪ್’ ಎಂಬ ರೂಪ ಅದೇ ದನಿಯನ್ನು ಉಳಿಸಿಕೊಂಡಿತು. ಮರೆಯಾದ ಕಸುಬುಗಳೊಂದಿಗೆ ಅವುಗಳ ಸದ್ದನ್ನು ಹೆಸರಿಸುತ್ತಿದ್ದ ಕೆಲವು ಪದಗಳೂ ಹೋಗಿರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಅಷ್ಟರಿಂದ ನಿಘಂಟನ್ನು ಸತ್ತ ಸದ್ದುಗಳ ಪಟ್ಟಿಯೆಂದು ಓದುವುದು ತಪ್ಪು. ಅಳಿದ ಪದವೊಂದು ಮೊದಲು ಹೇಳುವುದು ಆ ಭಾಷೆಯಾಡಿದವರ ನಾಲಿಗೆ ಎಷ್ಟು ಬದಲಾಯಿತು ಎಂಬುದನ್ನು.