ಮಲದಲ್ಲಿ ರಕ್ತ: ನಾಚಿಕೆ ಬೇಡ, ಪರೀಕ್ಷೆ ಬೇಕು

ಜ್ವರ ಬಂದರೆ ಮಕ್ಕಳು ಕೂಡಲೇ ಅವ್ವನಿಗೆ ಹೇಳುತ್ತಾರೆ. ಹಲ್ಲುನೋವನ್ನೂ ಮುಚ್ಚಿಡುವುದಿಲ್ಲ. ಶೌಚಕ್ಕೆ ಹೋದಾಗ ರಕ್ತ ಕಂಡರೆ ಮಾತ್ರ ಬಾಯಿ ಬಿಡುವುದಿಲ್ಲ. ತಿಂಗಳುಗಟ್ಟಲೆ ಒಳಗೊಳಗೇ ಹೆದರುತ್ತಾರೆ. ಈ ಮೌನವೇ ಅನೇಕ ಸಲ ರೋಗಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಮೂಡಲಗಿಯ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿಯುವ ವಿದ್ಯಾರ್ಥಿ ಅವಸರದಲ್ಲಿ ಶೌಚವನ್ನು ತಡೆಯುತ್ತಾನೆ. ಗೋಕಾಕಕ್ಕೋ ಹುಕ್ಕೇರಿಗೋ ಓದಲು ಬರುವ ಹುಡುಗಿ ಕಾಲೇಜಿನ ಶೌಚಾಲಯಕ್ಕೆ ಹೋಗಲು ಅಂಜಿ ದಿನವಿಡೀ ನೀರು ಕುಡಿಯುವುದಿಲ್ಲ. ಹೀಗೆ ಮಲ ಗಟ್ಟಿಯಾಗುತ್ತದೆ. ತಿಣುಕಿದಾಗ ಗುದದ್ವಾರದ ಚರ್ಮ ಸೀಳುತ್ತದೆ. ಚಾಕುವಿನಿಂದ ಕೊಯ್ದಂತಹ ನೋವು, ಜೊತೆಗೆ ಒಂದೆರಡು ಹನಿ ಕೆಂಪು ರಕ್ತ. ಇದೇ ಫಿಷರ್. ಎಳೆಯ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವುದು ಇದು.

ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ತೊಟ್ಟಿಕ್ಕುತ್ತದೆ. ಚಿಕ್ಕ ಮಕ್ಕಳಲ್ಲಿ ನೋವಿಲ್ಲದೆ ರಕ್ತ ಹೋದರೆ ಕರುಳಿನಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಇರಬಹುದು. ರಕ್ತದ ಜೊತೆ ಲೋಳೆ, ಜ್ವರ, ಹೊಟ್ಟೆ ನುಲಿತ ಇದ್ದರೆ ರಕ್ತಭೇದಿಯ ಸಂಶಯ. ವಾರಗಟ್ಟಲೆ ಭೇದಿಯಾಗುತ್ತ ತೂಕ ಇಳಿದರೆ ಕರುಳಿನ ಹುಣ್ಣು ಇದೆಯೇ ಎಂದು ನೋಡಬೇಕು.

ಬಣ್ಣವನ್ನೂ ಗಮನಿಸಿ. ಕೆಂಪು ರಕ್ತ ಸಾಮಾನ್ಯವಾಗಿ ಗುದದ ಸಮೀಪದ್ದು. ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ದುರ್ನಾತದಿಂದ ಕೂಡಿದ ಮಲ ಜಠರದ ರಕ್ತಸ್ರಾವದ ಗುರುತು. ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗುವವರಲ್ಲಿ ಹೀಗಾಗಬಹುದು. ಆದರೆ ಬೀಟ್‌ರೂಟ್ ಪಲ್ಯ ತಿಂದರೂ ಮಲ ಕೆಂಪಾಗುತ್ತದೆ; ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯಿಂದಲೂ ಕಪ್ಪಾಗಬಹುದು. ಅದಕ್ಕೆ ಹೆದರಿ ಗುಳಿಗೆ ಬಿಡಬಾರದು.

ಹಾಗಾದರೆ ವೈದ್ಯರ ಬಳಿ ಹೋಗುವುದು ಯಾವಾಗ? ಒಮ್ಮೆ ರಕ್ತ ಕಂಡರೂ ತಂದೆತಾಯಿಗೆ ಹೇಳಿ. ಮರುಕಳಿಸಿದರೆ ಒಂದು ವಾರದೊಳಗೆ ತೋರಿಸಿ. ರಕ್ತ ಧಾರೆಯಾಗಿ ಹೋದರೆ, ತಲೆಸುತ್ತು ಬಂದರೆ, ಮಲ ಡಾಂಬರಿನಂತಿದ್ದರೆ, ಜ್ವರವಿದ್ದರೆ ಅಂದೇ ಹೊರಡಬೇಕು. ಅಗತ್ಯವಿದ್ದರೆ 108ಕ್ಕೆ ಫೋನ್ ಮಾಡಿ. ಕೈಗೂಸು ಬಿಟ್ಟುಬಿಟ್ಟು ಚೀರಿ ಅತ್ತು, ವಾಂತಿ ಮಾಡಿ, ಕೆಂಪು ಲೋಳೆಯಂತಹ ಮಲ ಹೋದರೆ ಕ್ಷಣವೂ ತಡಮಾಡಬಾರದು. ತಂದೆತಾಯಿಗಳಿಗೂ ಒಂದು ಮಾತು: ನಲವತ್ತು ದಾಟಿದವರು ‘ಹಳೆಯ ಮೂಲವ್ಯಾಧಿ’ ಎಂದು ಸುಮ್ಮನಿರುವುದು ಸಲ್ಲದು. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಆರಂಭವಾಗಬಹುದು.

‘ಆಪರೇಶನ್ ಇಲ್ಲದೆ ಮೂಲವ್ಯಾಧಿ ಮಾಯ’ ಎಂಬ ಗೋಡೆಬರಹಗಳನ್ನು ನಂಬಿ ಹೋಗಬೇಡಿ. ಪರೀಕ್ಷೆಯನ್ನೇ ಮಾಡದೆ ಔಷಧ ಸುರಿಯುವವರಿಂದ ಗುದದ್ವಾರ ಸುಟ್ಟು ಸಂಕುಚಿತವಾಗಬಹುದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಖಾಸಗಿ ದವಾಖಾನೆಯೂ ನೋಂದಣಿ ಮಾಡಿಸಬೇಕು. ನೋಂದಣಿ ಪತ್ರ ಎಲ್ಲಿದೆ ಎಂದು ಕೇಳುವುದು ನಿಮ್ಮ ಹಕ್ಕು. ಗೋಕಾಕ, ಹುಕ್ಕೇರಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ತಪಾಸಣೆಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಿದೆ.

ಪರೀಕ್ಷೆಗೆ ಅಂಜಬೇಕಿಲ್ಲ. ವೈದ್ಯರು ಮೊದಲು ಪ್ರಶ್ನೆ ಕೇಳುತ್ತಾರೆ, ಹೊಟ್ಟೆ ಮುಟ್ಟಿ ನೋಡುತ್ತಾರೆ. ಬೇಕಾದರೆ ಕೈಗವಸು ತೊಟ್ಟ ಬೆರಳಿನಿಂದ ಪರೀಕ್ಷಿಸುತ್ತಾರೆ. ಒಂದೆರಡು ನಿಮಿಷದ ಕೆಲಸ. ಹುಡುಗಿಯರು ಅವ್ವನನ್ನು ಜೊತೆಗಿರಲು ಹೇಳಬಹುದು, ಮಹಿಳಾ ವೈದ್ಯರನ್ನು ಕೇಳಬಹುದು.

ಹೊಸ ಫಿಷರ್ ಬಹುಪಾಲು ಶಸ್ತ್ರಚಿಕಿತ್ಸೆ ಇಲ್ಲದೆ ವಾಸಿಯಾಗುತ್ತದೆ. ಬೋಗುಣಿಯಲ್ಲಿ ಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕುಳಿತರೆ ನೋವು ತಗ್ಗುತ್ತದೆ. ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಮೊಳಕೆ ಹೆಸರುಕಾಳು, ಬಾಳೆಹಣ್ಣು ಊಟದಲ್ಲಿರಲಿ. ಸಂಜೆಯ ಮಿರ್ಚಿ ಭಜಿ ಹಿಡಿತದಲ್ಲಿರಲಿ. ನೀರು ಧಾರಾಳವಾಗಿ ಕುಡಿಯಿರಿ. ಶೌಚದ ಕರೆ ಬಂದಾಗ ತಡೆಯಬೇಡಿ, ಅಲ್ಲಿ ಮೊಬೈಲು ನೋಡುತ್ತ ಕೂರಬೇಡಿ.

ಪಾಲಕರೇ, ‘ಹೊಟ್ಟೆ ಸರಿಯಾಗಿ ಹೋಗುತ್ತದೆಯೇ?’ ಎಂದು ಮಕ್ಕಳನ್ನು ಆಗಾಗ ಕೇಳಿ. ಮನೆಯಲ್ಲಿ ಈ ಮಾತು ಸಹಜವಾದರೆ ಮಗು ರಕ್ತ ಕಂಡ ದಿನವೇ ನಿಮಗೆ ಹೇಳುತ್ತದೆ.