ಶಕ್ತಿ ಟಿಕೆಟ್ ಕೈಯಾಗ ಐತಿ, ರಾತ್ರಿ ಬಸ್ಸು ಎಲ್ಲೈತಿ?



ಏಪ್ರಿಲ್ 14 ಹತ್ತಿರ ಬಂತು. ಸರ್ಕಾರಿ ರಜೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಕೇರಿಗಳಿಂದ ನಮ್ಮ ಮಂದಿ ಹುಬ್ಬಳ್ಳಿ-ಧಾರವಾಡಕ್ಕೆ ಹೊಂಡ್ತಾರ. ಬಾಬಾಸಾಹೇಬರ ಮೂರ್ತಿಗೆ ಮಾಲಿ ಹಾಕೋದು, ಸಂಜೆ ಮೆರವಣಿಗೆ ನೋಡೋದು, ಮಕ್ಕಳಿಗೆ ಗಾಜಿನ ಮನಿ, ಉಣಕಲ್ ಕೆರಿ ತೋರಿಸೋದು, ಒಂದೊಂದು ಪ್ಲೇಟು ಗಿರ್ಮಿಟ್ಟು, ಮಿರ್ಚಿ ತಿನ್ನೋದು. ಕೂಲಿ ಮಾಡೋ ಮನಿಗೆ ವರ್ಷದಾಗ ಇಂಥಾ ಸಂಜೆ ಎಷ್ಟು ಸಿಗ್ತಾವ ನೀವೇ ಲೆಕ್ಕ ಹಾಕ್ರಿ.

ರಜೆ ಬಂತಂದ್ರ ಅದರ ಬೆನ್ನಿಗೇ ಉಪದೇಶನೂ ಬರ್ತಾವ. "ಹೊತ್ತು ಮುಳುಗೋದರೊಳಗ ಊರು ಸೇರ್ರಿ." "ಹೆಣ್ಣಮಕ್ಕಳನ್ನ ಕರಕೊಂಡು ಹೋಗಬ್ಯಾಡ್ರಿ." "ನೀಲಿ ಶಾಲು ಊರ ಹೊರಗೇ ತಗದು ಚೀಲದಾಗ ಇಡ್ರಿ." ಇದಕ್ಕೆಲ್ಲಾ ಒಂದು ಚಂದದ ಹೆಸರು: ಸುರಕ್ಷತೆ. ನನ್ನ ಪ್ರಶ್ನೆ ಇಷ್ಟೇ. ಸುರಕ್ಷತೆ ಯಾರಿಂದ? ಅದನ್ನ ಒದಗಿಸೋ ಜವಾಬ್ದಾರಿ ಯಾರದು? ಹೊರಗ ಹೋದವರದೋ, ಅವರನ್ನ ಹೊತ್ತು ತರಬೇಕಾದ ಬಸ್ಸಿನವರದೋ, ದಾರಿ ಕಾಯಬೇಕಾದ ಪೊಲೀಸರದೋ?

ಮೊದಲು ಬಸ್ಸಿನ ಮಾತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಐತಿ. ಒಳ್ಳೇ ಯೋಜನೆ, ನಾನು ಅದನ್ನ ಸಮರ್ಥಿಸಿಕೊಂಡೇ ಬಂದೀನಿ, ಇನ್ನೂ ಸಮರ್ಥಿಸ್ತೀನಿ. ಆದರೆ ಟಿಕೆಟ್ ಪುಕ್ಕಟೆ ಇದ್ರ ಸಾಕೇನ್ರಿ? ಬಸ್ಸು ಬರಬೇಕಲ್ಲ. ಹುಬ್ಬಳ್ಳಿಯಿಂದ ತಾಲೂಕು ಊರಿಗೆ ಹ್ಯಾಂಗೋ ಒಂದು ಬಸ್ಸು ಹಿಡಿದು ಮುಟ್ಟಬಹುದು. ಅಲ್ಲಿಂದ ಹಳ್ಳಿಗೆ? ವಸ್ತಿ ಬಸ್ಸು ಇದ್ದ ಊರಿನವರು ಪುಣ್ಯವಂತರು. ಅದೂ ಇಲ್ಲದವರು, ಅಥವಾ ಅದು ತಪ್ಪಿದವರು, ಮಕ್ಕಳನ್ನ ಹೆಗಲ ಮ್ಯಾಲ ಹೊತ್ತು ಕತ್ತಲದಾಗ ಕ್ರಾಸಿನ್ಯಾಗ ನಿಂದರಬೇಕು. ಅವಳಿ ನಗರದ ನಡುವೆ ಓಡೋ ಚಿಗರಿಗೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ದಾರಿ ಮಾಡಿಕೊಟ್ಟಾರ. ಮಾಡಲಿ, ಬ್ಯಾಡ ಅನ್ನಲ್ಲ. ಅದರ ಆಚೆ ಬದುಕೋ ಮಂದಿನೂ ಇದೇ ಜಿಲ್ಲೆಯವರಲ್ಲೇನು?

"ರಾತ್ರಿ ಬಸ್ಸಿಗೆ ಮಂದಿ ಇರಂಗಿಲ್ಲ, ನಷ್ಟ ಆಗ್ತೈತಿ" ಅಂತಾರ. ಒಪ್ಪಾಕ ಆಗಂಗಿಲ್ಲ. ಸವದತ್ತಿ ಎಲ್ಲಮ್ಮನ ಜಾತ್ರಿಗೆ ವಿಶೇಷ ಬಸ್ಸು ಬಿಡ್ತೀರಿ. ದೀಪಾವಳಿಗೆ ಬಿಡ್ತೀರಿ. ಅಂದ್ರ ಬಸ್ಸೂ ಅದಾವ, ಡ್ರೈವರೂ ಅದಾರ, ಮನಸ್ಸು ಮಾಡಿದ್ರ ಆಗ್ತೈತಿ ಅಂತ ನೀವೇ ತೋರಿಸೀರಿ. ಏಪ್ರಿಲ್ 14ರ ಸಂಜೆ ಸಾವಿರಾರು ಮಂದಿ ಊರಿಗೆ ಹೊಳ್ಳಬೇಕು ಅನ್ನೋದು ಮಾತ್ರ ನಿಮ್ಮ ಲೆಕ್ಕಕ್ಕ ಬರೋದಿಲ್ಲ. ಏಪ್ರಿಲ್ ಬಿಸಿಲಾಗ ನಡುಮಧ್ಯಾಹ್ನ ಮೆರವಣಿಗೆ ತಗೀರಿ ಅಂತೀರೇನು? ನೆರಳು ಇಳಿದ ಮೇಲೇ ಅದು ಹೊಂಡೋದು, ಮುಗಿಯೋದು ರಾತ್ರಿಗೇ.

ಇನ್ನೊಂದು ಲೆಕ್ಕ ಕೇಳ್ರಿ. ಪರಿಶಿಷ್ಟರ ಅಭಿವೃದ್ಧಿಗೆ ಅಂತ 2013ರ ಕಾಯ್ದೆ ಮಾಡಿ ಎತ್ತಿಟ್ಟ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಐತಲ್ಲ, ಅದರೊಳಗ 2024-25ರ ಸಾಲಿನಾಗ 14 ಸಾವಿರ ಕೋಟಿಗೂ ಹೆಚ್ಚು ರೊಕ್ಕವನ್ನ ಗ್ಯಾರಂಟಿ ಯೋಜನೆಗಳಿಗೆ ಹಚ್ಚಿದರು. ಶಕ್ತಿನೂ ಆ ಗ್ಯಾರಂಟಿಗಳೊಳಗಿನದೇ. ನಮ್ಮ ಹೆಸರಿನ ರೊಕ್ಕ ಗ್ಯಾರಂಟಿಗೆ ಬೇಕು, ನಮ್ಮ ಹಬ್ಬದ ರಾತ್ರಿ ನಮ್ಮ ಊರಿಗೆ ಒಂದು ಬಸ್ಸು ಬ್ಯಾಡ. ಇದು ಯಾವ ನ್ಯಾಯ?

ಇನ್ನ ದಾರಿಯ ಮಾತು. ಬಸ್ಸು ಸಿಕ್ಕಿತು ಅಂತನೇ ಇಟ್ಕೊಳ್ರಿ. ಅದು ನಿಲ್ಲೋದು ಊರ ಮುಂದ, ಅಗಸಿ ಹತ್ತಿರ. ಕೇರಿ ಇರೋದು ಊರ ಇನ್ನೊಂದು ತುದಿಗೆ. ಹೊಸ ಅರಿವಿ ಹಾಕ್ಕೊಂಡು, ನೀಲಿ ಶಾಲು ಹೊದ್ದು, ಕಟ್ಟಿ ಮ್ಯಾಲ ಕುಂತವರ ಮುಂದ ಹಾಯ್ದು ಹೋಗಬೇಕು. ಈ ಹಾದಿ ಎಷ್ಟು ಉದ್ದ ಅಂತ ನಡೆದವರಿಗೇ ಗೊತ್ತು. ಕಾಯ್ದೆ ಮಾಡಿದವರಿಗೂ ಗೊತ್ತಿತ್ತು. ದೌರ್ಜನ್ಯ ತಡೆ ಕಾಯ್ದೆ 1989ರದು. ಅದಕ್ಕೆ 2015ರಾಗ ತಿದ್ದುಪಡಿ ತಂದಾಗ, ದಲಿತರು ಸಾರ್ವಜನಿಕ ಜಾಗದಾಗ ಸೈಕಲ್ಲು-ಮೋಟರ್‌ಸೈಕಲ್ಲು ಹತ್ತೋದನ್ನ, ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟಿ ತೊಡೋದನ್ನ ತಡೆಯೋದು ಅಪರಾಧ ಅಂತ ಬಿಡಿಸಿ ಬರೆದರು. ವಿಚಾರ ಮಾಡ್ರಿ. ಸ್ವಾತಂತ್ರ್ಯ ಬಂದು 68 ವರ್ಷ ಆದಮೇಲೂ ಈ ದೇಶದ ಪಾರ್ಲಿಮೆಂಟು "ಹೊಸ ಬಟ್ಟಿ" ಅನ್ನೋ ಮಾತನ್ನ ಕಾಯ್ದೆಯಾಗ ಬರೀಬೇಕಾತು. "ಈಗೆಲ್ಲಿ ಜಾತಿ ಐತ್ರಿ" ಅನ್ನೋ ಸಾಹೇಬರಿಗೆ ಆ ಒಂದು ಕಲಂ ಓದಿಸ್ರಿ.

ಸಿನಿಮಾಕ್ಕ ಹೋಗೋದೂ ನಮಗ ಬರೀ ಸಿನಿಮಾ ಅಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿ ಮರೆತಿಲ್ಲ ಅಂದ್ಕೋತೀನಿ. 2014ರ ಆಗಸ್ಟ್, ಗಣೇಶ ಹಬ್ಬದ ಹೊತ್ತು. ಗಂಗಾವತಿಯ ಟಾಕೀಜಿನಾಗ ಟಿಕೆಟ್ ಸಲುವಾಗಿ ಆದ ಜಗಳ ಊರಿಗೆ ಬಂತು, ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಧಾರವಾಡದ ಹೈಕೋರ್ಟ್ ಪೀಠದಾಗ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಒಂದು ಟಿಕೆಟ್ಟಿನ ಜಗಳಕ್ಕ ಒಂದು ಕೇರಿ ಸುಡ್ತೈತಿ ಅಂದ್ರ, "ಹೊತ್ತಿಗೆ ಸರಿಯಾಗಿ ಮನಿಗೆ ಬರ್ರಿ" ಅನ್ನೋ ಬುದ್ಧಿಮಾತು ಯಾರನ್ನ ಉಳಿಸ್ತೈತಿ? ಬೆಂಕಿ ಬಿದ್ದದ್ದು ಮನಿಗೇ ಅಲ್ಲೇನು?

ಪ್ರಯಾಣ ಅಂದ್ರ ಏನು ಅಂತ ಬಾಬಾಸಾಹೇಬರಷ್ಟು ತಿಳಿದವರು ಇಲ್ಲ. 1901ರ ಸುಮಾರಿಗೆ ಸಣ್ಣ ಹುಡುಗ ಇದ್ದಾಗ ಅಪ್ಪನ ಕಡೆ ಹೊಂಟಿದ್ದರು. ಮಸೂರು ಸ್ಟೇಷನ್ನಿನಾಗ ಇಳಿದರೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕಡೀಕ ದುಪ್ಪಟ್ಟು ಬಾಡಿಗಿ ಕೊಟ್ಟು ಹುಡುಗರೇ ಗಾಡಿ ಹೊಡೀಬೇಕಾತು, ಗಾಡಿಯವ ನಡಕೊಂಡು ಬಂದ. ದಾರಿಯಾಗ ಕುಡಿಯಾಕ ನೀರು ಸಿಗಲಿಲ್ಲ. 1929ರಾಗ ಅವರು ಬ್ಯಾರಿಸ್ಟರ್, ಸರ್ಕಾರಿ ಸಮಿತಿಯ ಸದಸ್ಯ. ಆಗಲೂ ಚಾಳೀಸಗಾಂವದ ಟಾಂಗಾದವ ಅವರನ್ನ ಕುಂದರಿಸಿಕೊಂಡು ಹೊಡಿಯಾಕ ಒಲ್ಲೆ ಅಂದ. ರೂಢಿ ಇಲ್ಲದ ನಮ್ಮವನೊಬ್ಬ ಟಾಂಗಾ ಹೊಡೆದ, ಸೇತುವೆ ಮ್ಯಾಲ ಅಪಘಾತ ಆಗಿ ಬಾಬಾಸಾಹೇಬರ ಕಾಲು ಮುರೀತು. ಗಾಡಿ ಕೊಡದ ಸಮಾಜ, ರೂಢಿಯಿಲ್ಲದ ಚಾಲಕ, ಮುರಿದ ಕಾಲು. ಇದನ್ನ ಬರೇ ಅಪಘಾತ ಅನ್ನಾಕ ಬರೋದಿಲ್ಲ.

ಇವತ್ತು ಅದೇ ಕತಿ ಟ್ರ್ಯಾಕ್ಟರಿನ ಟ್ರಾಲಿಯಾಗ ನಡದೈತಿ. ಬಸ್ಸಿಲ್ಲ ಅಂತ ಟ್ರಾಲಿ, ಟಾಟಾ ಏಸ್ ತುಂಬ ಮಂದಿ ಹೊಂಡ್ತಾರ. ಸರಕು ವಾಹನದಾಗ ಪುಕ್ಕಟೆ ಕುಂತು ಹೋದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 2002ರ ಆಶಾ ರಾಣಿ ಪ್ರಕರಣದಾಗ ಹೇಳೈತಿ. ಟ್ರಾಲಿ ಪಲ್ಟಿ ಆದ್ರ ಜೀವನೂ ಹೋಗ್ತೈತಿ, ಪರಿಹಾರನೂ ಹೋಗ್ತೈತಿ. ಅದಕ್ಕ ಕೈಮುಗಿದು ಹೇಳ್ತೀನಿ, ಆ ಗಾಡಿ ಹತ್ತಬ್ಯಾಡ್ರಿ.

ಈಗ ನಮ್ಮ ಸಂಘಟನೆಯ ಅಣ್ಣಗಳಿಗೆ ಒಂದು ಖಾರದ ಮಾತು. ವೇದಿಕೆ ಮ್ಯಾಲ ಸಾವಿತ್ರಿಬಾಯಿ ಫುಲೆ, ರಮಾಬಾಯಿ ಅಂತೀರಿ. ಸಂಜೆ ಆದಕೂಡಲೇ "ತಂಗೀ, ನೀವು ಐದರ ಬಸ್ಸಿಗೆ ಹೊಂಡ್ರಿ, ನಾವು ಮೆರವಣಿಗೆ ಮುಗಿಸಿ ಬರ್ತೀವಿ" ಅಂತೀರಿ. ಮುಂಜಾನೆ ಅಡಿಗಿ ಮಾಡಾಕ ಅವರು ಬೇಕು, ರಾತ್ರಿ ಡೊಳ್ಳು ಕೇಳಾಕ ನೀವು ಬೇಕು. ಹೆಣ್ಣುಮಕ್ಕಳನ್ನ ಹೊತ್ತಿಗೆ ಮುಂಚೆ ಮನಿಗೆ ಅಟ್ಟೋದು ರಕ್ಷಣೆ ಅಲ್ಲ, ನಮ್ಮ ಸೋಲು. ಅವರು ಸುರಕ್ಷಿತವಾಗಿ ಹೊಳ್ಳೋ ವ್ಯವಸ್ಥೆ ಮಾಡಲಾರದ ಮೆರವಣಿಗೆ ಪೂರ್ಣ ಮೆರವಣಿಗೆ ಅಲ್ಲ.

ಬೈದು ಸುಮ್ಮನಾಗೋದು ನನ್ನ ಚಾಳಿ ಅಲ್ಲ. ಕಚೇರಿಯಾಗ ಟಪಾಲು ನೋಡೋ ಗುಮಾಸ್ತ ನಾನು, ಕಾಗದದ ಬಲ ಏನಂತ ನನಗ ಗೊತ್ತು. ಈ ವಾರದಾಗ ಮಾಡೋ ಕೆಲಸ ಹೇಳ್ತೀನಿ:

1) ನಿಮ್ಮ ತಾಲೂಕಿನ ಡಿಪೋ ವ್ಯವಸ್ಥಾಪಕರಿಗೆ ಮನವಿ ಕೊಡ್ರಿ. ಏಪ್ರಿಲ್ 14ರ ರಾತ್ರಿ ಯಾವ ಊರಿಗೆ, ಎಷ್ಟು ಗಂಟೆಗೆ, ಅಂದಾಜು ಎಷ್ಟು ಮಂದಿಗೆ ಬಸ್ಸು ಬೇಕು ಅಂತ ಊರಿನ ಹೆಸರು ಸಮೇತ ಬರೀರಿ. "ಸೂಕ್ತ ವ್ಯವಸ್ಥೆ ಮಾಡಬೇಕು" ಅಂತ ಬರೆದ್ರ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತಲೇ ಉತ್ತರ ಬರೋದು. ಎರಡನೇ ಪ್ರತಿ ಮ್ಯಾಲ ಸೀಲು, ತಾರೀಖು ಹಾಕಿಸಿಕೊಳ್ಳದೇ ಕಚೇರಿ ಬಿಟ್ಟು ಬರಬ್ಯಾಡ್ರಿ. ಒಂದು ಪ್ರತಿ ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಗೆ, ಒಂದು ಜಿಲ್ಲಾಧಿಕಾರಿಗೆ.

2) ರಾತ್ರಿ 8ರ ನಂತರ ನಿಮ್ಮ ಡಿಪೋದಿಂದ ಯಾವ್ಯಾವ ಹಳ್ಳಿಗೆ ಬಸ್ಸು ಅದಾವ ಅಂತ ಮಾಹಿತಿ ಹಕ್ಕಿನಾಗ ಕೇಳ್ರಿ. 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಒಳಗ. 30 ದಿನದಾಗ ಉತ್ತರ ಕೊಡಬೇಕು. ಈ ವರ್ಷಕ್ಕ ಅಲ್ಲದಿದ್ರೂ ಬರೋ ವರ್ಷಕ್ಕ ದಾಖಲೆ ಆಗ್ತೈತಿ.

3) ಮಂದಿ ಹೆಚ್ಚಿದ್ದ ಊರಿನವರು ವಂತಿಗೆ ಹಾಕಿ ಸಂಸ್ಥೆಯ ಬಸ್ಸನ್ನೇ ಪ್ರಾಸಂಗಿಕ ಕರಾರಿನ ಮ್ಯಾಲ ತಗೋರಿ. ಹೋದವರ ಹೆಸರಿನ ಪಟ್ಟಿ ಇರಲಿ, ಹೊಳ್ಳುವಾಗ ಎಣಿಸಿ ಹತ್ತಿಸ್ರಿ. ಊರಾಗ ಇಳಿದ ಮ್ಯಾಲ ಎಲ್ಲಾರೂ ಕೂಡೇ ಕೇರಿಗೆ ನಡೀರಿ.

4) ದಾರಿಯಾಗ ತಡೆದ್ರ 112ಕ್ಕೆ ಕರೆ ಮಾಡ್ರಿ. ದೌರ್ಜನ್ಯದ ದೂರಿಗೆ ರಾಷ್ಟ್ರೀಯ ಸಹಾಯವಾಣಿ 14566. ಠಾಣೆಯಾಗ "ಮೊದಲು ವಿಚಾರಣೆ ಮಾಡ್ತೀವಿ, ಆಮ್ಯಾಲ ಎಫ್‌ಐಆರ್" ಅಂದ್ರ, ಕಲಂ 18ಎ ಅನ್ನೋ ಮಾತು ಬಾಯಾಗ ಇರಲಿ. ಎಫ್‌ಐಆರ್ ದಾಖಲಿಸಾಕ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರ ತಿದ್ದುಪಡಿ ಸ್ಪಷ್ಟ ಹೇಳೈತಿ.

ಸಂವಿಧಾನದ 15(2)ನೇ ವಿಧಿ ತಗದು ನೋಡ್ರಿ. ಅಂಗಡಿ, ಹೋಟೆಲ್ಲು, ಮನರಂಜನೆಯ ಜಾಗ, ಕೆರಿ, ರಸ್ತಾ ಎಲ್ಲಾ ಹೆಸರು ಹಿಡಿದು ಬರದೈತಿ, ಜಾತಿಯ ಕಾರಣಕ್ಕ ಯಾರನ್ನೂ ತಡಿಯೋ ಹಂಗಿಲ್ಲ. ಮುಂಜಾನೆ ಆರರಿಂದ ಸಂಜೆ ಆರರ ತನಕ ಮಾತ್ರ ಅಂತ ಅದರಾಗ ಬರದಿಲ್ಲ. ದುಡಿಮೆಗೆ ಹಗಲು ಕೊಟ್ಟವರು ನಾವು. ಸಂಜೆನೂ ನಮ್ಮದೇ, ಹೊಳ್ಳಿ ಬರೋ ದಾರಿನೂ ನಮ್ಮದೇ.

ಮನವಿ ಕೊಟ್ಟವರು ಸೀಲು ಬಿದ್ದ ಪ್ರತಿಯ ಫೋಟೋ ಇದರ ಕೆಳಗ ಹಾಕ್ರಿ. ಯಾವ ತಾಲೂಕು ಮುಂದ ಐತಿ ನೋಡೋಣ.

ಜೈ ಭೀಮ್.