ಗುರಿಯ ಹೆಸರಲ್ಲಿ ದಾರಿ ತಪ್ಪಿದಾಗ

ಗುರಿ ಒಳ್ಳೆಯದಾಗಿದ್ದರೆ ಮಾರ್ಗದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ ಎಂಬ ವಾದ ಹೊಸತಲ್ಲ. ಬಲಪ್ರಯೋಗ ಮಾಡುವವರಾರೂ ತಾವು ಕೇಡು ಬಯಸುತ್ತಿದ್ದೇವೆಂದು ಹೇಳಿಕೊಳ್ಳುವುದಿಲ್ಲ. ದೇಶದ ಪ್ರಗತಿ, ಸಮಾಜದ ಹಿತ, ಮುಂದಿನ ಪೀಳಿಗೆಯ ಭವಿಷ್ಯ- ಹೀಗೆ ಅವರ ಬಾಯಲ್ಲಿ ಸದಾ ಒಂದು ಸುಂದರ ಗುರಿ ಇದ್ದೇ ಇರುತ್ತದೆ. ಈ ವಾದದ ನಿಜವಾದ ಬೆಲೆಯೇನೆಂದು ಅರಿಯಬೇಕಾದರೆ ನಾವು ತುರ್ತು ಪರಿಸ್ಥಿತಿಯ ದಿನಗಳತ್ತ ತಿರುಗಿ ನೋಡಬೇಕಾಗುತ್ತದೆ.

ಬಡತನವನ್ನು ನೀಗಿಸಲು ಜನಸಂಖ್ಯೆಯ ಬೆಳವಣಿಗೆಯನ್ನು ತಗ್ಗಿಸಬೇಕೆಂಬುದು ಅಂದಿನ ಸರಕಾರದ ಗುರಿಯಾಗಿತ್ತು. ಅದರಲ್ಲಿ ಪ್ರಾಮಾಣಿಕತೆ ಇರಲಿಲ್ಲವೆಂದು ಹೇಳುವಂತಿಲ್ಲ. 1974ರಲ್ಲಿ ಬುಕಾರೆಸ್ಟ್‌ನ ಜಾಗತಿಕ ಸಮ್ಮೇಳನದಲ್ಲಿ, ಅಭಿವೃದ್ಧಿಯೇ ಜನನ ನಿಯಂತ್ರಣದ ಅತ್ಯುತ್ತಮ ಸಾಧನ ಎಂದು ಸಾರಿದ್ದು ಭಾರತದ ಆರೋಗ್ಯ ಸಚಿವ ಕರಣ್ ಸಿಂಗ್ ಅವರೇ. ಆದರೆ 1976ರ ಏಪ್ರಿಲ್‌ನಲ್ಲಿ ಅವರೇ ಪ್ರಕಟಿಸಿದ ನೀತಿಯು, ಕಡ್ಡಾಯ ಸಂತಾನಹರಣದ ಕಾನೂನು ಮಾಡಲು ರಾಜ್ಯಗಳಿಗೆ ಬಾಗಿಲು ತೆರೆಯಿತು. ಶಿಕ್ಷಣ ಮತ್ತು ಅಭಿವೃದ್ಧಿಯ ಫಲಕ್ಕಾಗಿ ಕಾಯುವಷ್ಟು ಸಮಯವಿಲ್ಲ ಎಂಬುದೇ ಅದಕ್ಕೆ ಕೊಟ್ಟ ಸಮರ್ಥನೆ. ತಪ್ಪು ಮಾರ್ಗಗಳೆಲ್ಲ ಆರಂಭವಾಗುವುದು ಇದೇ ಅವಸರದಿಂದ.

ಆ ಮೇಲೆ ನಡೆದುದನ್ನು ಶಾ ಆಯೋಗ ದಾಖಲಿಸಿದೆ. 1976-77ರಲ್ಲಿ 43 ಲಕ್ಷದ ಗುರಿಯ ಬದಲು 81 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಆಯೋಗದ ಮುಂದೆ ಬಂದ ಲೆಕ್ಕದಲ್ಲಿ 1,774 ಸಾವುಗಳಿದ್ದವು. ಅವಿವಾಹಿತರನ್ನೂ ಬಿಡಲಿಲ್ಲವೆಂಬ ದೂರುಗಳೇ 548 ಇದ್ದವು. ಶಿಕ್ಷಕರಿಗೆ ಇಷ್ಟು ಮಂದಿಯನ್ನು ಕರೆತರಬೇಕೆಂಬ ಕೋಟಾ ವಿಧಿಸಿ ವೇತನ ತಡೆಹಿಡಿಯಲಾಯಿತು. 1976ರ ನವೆಂಬರ್‌ನಲ್ಲಿ ಹರ್ಯಾಣದ ಮೇವಾತ್ ಸೀಮೆಯ ಉಟಾವರ್ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಅಲ್ಲಿಯವರು ಮೇವ್ ಮುಸ್ಲಿಮರು. ಹಾಗೆಂದು ಇದನ್ನು ಒಂದು ಸಮುದಾಯದ ಸಂಕಟವಾಗಿ ಮಾತ್ರ ನೋಡುವುದು ಸರಿಯಲ್ಲ. ದಲಿತರು, ಕೂಲಿಕಾರರು, ಬೀದಿಬದಿಯ ನಿರ್ಗತಿಕರು- ಪ್ರತಿಭಟಿಸುವ ಶಕ್ತಿಯಿಲ್ಲದವರೆಲ್ಲ ಈ ಅಭಿಯಾನಕ್ಕೆ ಬಲಿಯಾದರು. ತಪ್ಪು ಮಾರ್ಗವು ಎಂದೂ ಬಲಶಾಲಿಯ ಮನೆಬಾಗಿಲಿಗೆ ಹೋಗುವುದಿಲ್ಲ.

ಇಷ್ಟಾದರೂ ಗುರಿ ಈಡೇರಿತೇ? ವಿಪರ್ಯಾಸವೆಂದರೆ, ಮಾರ್ಗವು ಗುರಿಯನ್ನೇ ನುಂಗಿ ಹಾಕಿತು. 1977ರ ಚುನಾವಣೆಯಲ್ಲಿ ಉತ್ತರ ಭಾರತ ಸರಕಾರವನ್ನು ಕಿತ್ತೊಗೆಯಿತು. ‘ಕುಟುಂಬ ಯೋಜನೆ’ ಎಂಬ ಹೆಸರೇ ಕಳಂಕಿತವಾಗಿ ‘ಕುಟುಂಬ ಕಲ್ಯಾಣ’ವೆಂದು ಬದಲಾಯಿತು. ಆ ವರ್ಷ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಬಹುಪಾಲು ಪುರುಷರಾಗಿದ್ದರೆ, ಬಳಿಕ ಆ ಭಾರವೆಲ್ಲ ಮಹಿಳೆಯರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ವಿಧಾನವನ್ನು ಅವಲಂಬಿಸಿದ ವಿವಾಹಿತ ಮಹಿಳೆಯರು ಶೇ. 38ರಷ್ಟಿದ್ದರೆ, ಪುರುಷರ ಶಸ್ತ್ರಚಿಕಿತ್ಸೆಯ ಪಾಲು ಶೇ. 0.3 ಮಾತ್ರ. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರಗಳಲ್ಲಿ ಹತ್ತಕ್ಕೂ ಹೆಚ್ಚು ಮಹಿಳೆಯರು ಪ್ರಾಣ ತೆತ್ತರು. ಅಂಥ ಶಿಬಿರಗಳನ್ನು ನಿಲ್ಲಿಸುವಂತೆ ಸುಪ್ರೀಂ ಕೋರ್ಟು 2016ರಲ್ಲಿ ಆದೇಶಿಸಬೇಕಾಯಿತು.

ಬಲಾತ್ಕಾರವಿಲ್ಲದೆ ಬೇರೆ ದಾರಿಯೇ ಇರಲಿಲ್ಲ ಎನ್ನುವವರಿಗೆ ಅದೇ ಸಮೀಕ್ಷೆ ಉತ್ತರಿಸುತ್ತದೆ. ಕರ್ನಾಟಕದಲ್ಲಿ ಸರಾಸರಿ ಹೆರಿಗೆ ದರ 1.7, ಕೇರಳದಲ್ಲಿ 1.8. ದೇಶದ ಮುಸ್ಲಿಮರಲ್ಲಿ 1992-93ರಲ್ಲಿ 4.4 ಇದ್ದ ದರ 2.4ಕ್ಕೆ ಇಳಿದಿದೆ. ಇದನ್ನು ಸಾಧಿಸಿದ್ದು ಪೊಲೀಸರ ಲಾಠಿಯಲ್ಲ. ಹೆಣ್ಮಕ್ಕಳ ಶಾಲೆ, ಆಸ್ಪತ್ರೆ ಮತ್ತು ಮಕ್ಕಳು ಬದುಕುಳಿಯುತ್ತಾರೆಂಬ ಭರವಸೆ.

ಅಷ್ಟಕ್ಕೂ ಗುರಿ ಎಂಬುದು ನಾಳೆಯ ಕುರಿತಾದ ಒಂದು ಅಂದಾಜು. ಮಾರ್ಗವಾದರೋ ಇಂದಿನ ಕೃತ್ಯ. ಅಂದಾಜು ಬದಲಾಗಬಹುದು, ಕೃತ್ಯವನ್ನು ಹಿಂಪಡೆಯಲಾಗದು. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಆಂಧ್ರ ಪ್ರದೇಶ 2024ರ ನವೆಂಬರ್‌ನಲ್ಲಿ ರದ್ದುಪಡಿಸಿತು. ಹೆಚ್ಚು ಮಕ್ಕಳನ್ನು ಹೊಂದಿರೆಂದು ಅಲ್ಲಿನ ಮುಖ್ಯಮಂತ್ರಿಯೇ ಕರೆ ಕೊಟ್ಟರು. ಯಾವ ಗುರಿಗಾಗಿ ಉಟಾವರ್‌ನ ಗಂಡಸರನ್ನು ಹಿಡಿದೊಯ್ಯಲಾಯಿತೋ ಆ ಗುರಿಯ ದಿಕ್ಕೇ ಹೀಗೆ ತಿರುಗತೊಡಗಿದೆ. ಆದರೆ ಅವರಿಗಾದ ಅನ್ಯಾಯ ಹಾಗೆಯೇ ಉಳಿದಿದೆ. ಇದಕ್ಕೆ ಉತ್ತರಿಸುವವರು ಯಾರು?

ಈ ಪ್ರಶ್ನೆ ಆಳುವವರಿಗೆ ಮಾತ್ರ ಸೀಮಿತವಲ್ಲ ಎಂಬುದನ್ನೂ ನಾವು ಮರೆಯಬಾರದು. ಶಾಲೆಯೊಂದರ ಅನುಮತಿಗಾಗಿ ಲಂಚ ಕೊಡುವವರು, ಪರಿಹಾರ ನಿಧಿಗಾಗಿ ಸುಳ್ಳು ಲೆಕ್ಕ ಬರೆಯುವವರು, ಎದುರಾಳಿಯನ್ನು ಮಣಿಸಲೆಂದು ವದಂತಿ ಹರಡುವವರು ಕೂಡ ತಮ್ಮ ಉದ್ದೇಶ ಒಳ್ಳೆಯದೆಂದೇ ನಂಬಿರುತ್ತಾರೆ. ಲಂಚದ ಮೇಲೆ ಎದ್ದ ಶಾಲೆ ಮಕ್ಕಳಿಗೆ ಕಲಿಸುವ ಮೊದಲ ಪಾಠ ಲಂಚವೇ ಆಗಿರುತ್ತದೆ. ಸಮಾಜದ ಸುಧಾರಣೆಯನ್ನು ಬಯಸುವವರು ತಮ್ಮ ಗುರಿಯ ಔನ್ನತ್ಯವನ್ನು ಸಾರುವುದಕ್ಕೆ ಮುನ್ನ, ತಾವು ಆರಿಸಿಕೊಂಡ ದಾರಿಯಲ್ಲಿ ಯಾರು ತುಳಿಯಲ್ಪಡುತ್ತಿದ್ದಾರೆಂದು ಒಮ್ಮೆ ಬಗ್ಗಿ ನೋಡುವುದು ಅಗತ್ಯ.